ಒಂದು ಅಗುಳು ಸಾಕೇ?

ಫಿಲಡೆಲ್ಫಿಯಾದಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ನಮ್ಮ ಊರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನಾನು ಪಿಸ್ತೂಲು ಹಿಡಿದವನಲ್ಲ. ಹಿಡಿಯಬೇಕೆಂಬ ಆಸೆಯೂ ಇರಲಿಲ್ಲ. ಮಕ್ಕಳನ್ನು ಅಮೆರಿಕದ ಶಾಲೆಗೆ ಕಳಿಸಿದ ಯಾವ ತಂದೆತಾಯಿಯನ್ನು ಕೇಳಿದರೂ ಕಾರಣ ಹೇಳಿಯಾರು. ಆದರೆ ನಮ್ಮ ಪಕ್ಕದ ಮನೆಯ ಮುದುಕ, ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು, ಪ್ರತಿ ಶನಿವಾರ ಬೆಳಿಗ್ಗೆ ಗುರಿ ಅಭ್ಯಾಸದ ರೇಂಜಿಗೆ ಹೋಗುವವನು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕಾರು ಓಡಿಸಲಾರದೆ ನನ್ನನ್ನು ಕೇಳಿಕೊಂಡ. ನನ್ನ ಹೆಂಡತಿಯ ಹೆರಿಗೆಯ ರಾತ್ರಿ ಹಿಮದಲ್ಲಿ ನಮ್ಮ ಕಾರಿಗೆ ದಾರಿ ತೋಡಿಕೊಟ್ಟವನು ಅವನು. ಇಲ್ಲವೆನ್ನಲಾಗಲಿಲ್ಲ. ಹೀಗೆ ನಾನು ಸಾರಥಿಯಾಗಿ ಹೋದೆ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು, ಗಾಜಿನ ಹಿಂದಿನ ಬೆಂಚಿನ ಮೇಲೆ ಕೂತು, ಮೊಬೈಲಿನಲ್ಲಿ ಪ್ರಜಾವಾಣಿ ಓದುತ್ತಿದ್ದೆ.

ಮೂರನೆಯ ಶನಿವಾರ ಅದು ನಡೆಯಿತು. ಢಂ ಢಂ ಎನ್ನುತ್ತಿದ್ದ ಪಿಸ್ತೂಲು ಒಮ್ಮೆ ಟಪ್ ಎಂದಿತು. ದೀಪಾವಳಿಯ ಬೆಳಿಗ್ಗೆ ಮಂಜಿನಲ್ಲಿ ನೆನೆದ ಪಟಾಕಿಯ ಸದ್ದು. ಮುದುಕ ಪಿಸ್ತೂಲಿನ ಮೇಲ್ಭಾಗವನ್ನು ಕೈಯಿಂದಲೇ ಹಿಂದೆಳೆದು ಖಾಲಿ ತೋಟಾವನ್ನು ಹೊರಗೆ ಹಾಕಿ, ಮುಂದಿನದನ್ನು ಒಳಗೆ ತಂದು, ಮತ್ತೆ ಗುರಿ ಹಿಡಿದ. ಅಷ್ಟರಲ್ಲಿ ರೇಂಜಿನ ಮೇಲ್ವಿಚಾರಕ ಓಡಿಬಂದು ನಿಲ್ಲಿಸು ಎಂದು ಕೂಗಿ ಅವನ ಕೈಯನ್ನು ಕೆಳಗಿಳಿಸಿದ. ಪಿಸ್ತೂಲು ಬಿಚ್ಚಿದರೆ ನಳಿಗೆಯ ನಡುವೆ ಒಂದು ಗುಂಡು ಸಿಕ್ಕಿಕೊಂಡಿತ್ತು. ಆ ತೋಟಾದಲ್ಲಿ ಮದ್ದೇ ಇರಲಿಲ್ಲ. ಬೆಂಕಿ ಹಚ್ಚುವ ಪುಟ್ಟ ಪ್ರೈಮರ್ ಮಾತ್ರ ಸಿಡಿದು ಗುಂಡನ್ನು ಎರಡು ಅಂಗುಲ ನೂಕಿತ್ತು. ಅದರ ಹಿಂದೆ ಇನ್ನೊಂದು ಗುಂಡು ಹಾರಿದ್ದರೆ ನಳಿಗೆ ಒಡೆದು ಮುದುಕನ ಬೆರಳುಗಳಿಗೆ ಏನಾಗುತ್ತಿತ್ತೋ.

ಹಿತ್ತಾಳೆಯ ಕಡ್ಡಿಯಿಂದ ಬಡಿದು ಗುಂಡನ್ನು ಹೊರಗೆ ತೆಗೆದರು. ಮುದುಕ ನಗುತ್ತಿದ್ದ, ಅವನ ಕೈ ನಡುಗುತ್ತಿತ್ತು. ನಾನು ನೋಡುತ್ತಿದ್ದುದು ತೋಟಾಗಳ ಪೆಟ್ಟಿಗೆಯನ್ನು. ಐವತ್ತರ ಪೆಟ್ಟಿಗೆ, ಅಭ್ಯಾಸಕ್ಕೆಂದೇ ಅಗ್ಗಕ್ಕೆ ಮಾರುವಂಥದ್ದು. ಒಳಮಡಿಕೆಯ ಮೇಲೆ ಲಾಟ್ ಸಂಖ್ಯೆ ಒತ್ತಿದ್ದರು. ಲಾಟ್ ಸಂಖ್ಯೆ ಕಂಡರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೆ ಕಾರಣ ಪೀಣ್ಯ.

1984ರಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದೆ. ಅಲ್ಲಿ ವಿದ್ಯುತ್ ಫ್ಯೂಸ್ ಮಾಡುತ್ತಿದ್ದರು. ಫ್ಯೂಸು ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ ಸುಟ್ಟೇ ನೋಡಬೇಕು, ಸುಟ್ಟ ಮೇಲೆ ಅದನ್ನು ಮಾರುವ ಹಾಗಿಲ್ಲ. ಸಾವಿರಕ್ಕೆ ಐದನ್ನು ಸುಡುತ್ತಿದ್ದೆವು. ಇನ್ನಷ್ಟು ಸುಡೋಣವೇ ಎಂದು ಕೇಳಿದಾಗ ಯಜಮಾನರು ನಕ್ಕು, ಅನ್ನ ಬೆಂದಿದೆಯೇ ನೋಡೋದಕ್ಕೆ ಒಂದು ಅಗುಳು ಸಾಕಲ್ಲಪ್ಪ, ನೀನು ಐದು ಹಿಸುಕ್ತಿದ್ದೀಯ ಎಂದರು. ಮಾತು ಸರಿಯೆನಿಸಿತು. ಆರು ತಿಂಗಳ ನಂತರ ತುಮಕೂರಿನ ಕಡೆಯ ಒಂದು ಹಿಟ್ಟಿನ ಗಿರಣಿಯಲ್ಲಿ ಮೋಟಾರಿಗೆ ಬೆಂಕಿ ಹತ್ತಿ ಕೆಲಸದ ಹುಡುಗನ ಬಲಗೈ ಸುಟ್ಟಿತು. ಸುಡಬೇಕಾದ ಫ್ಯೂಸು ಸುಟ್ಟಿರಲಿಲ್ಲ. ಆ ಲಾಟಿನ ಚೀಟಿಯ ಮೇಲೆ ನನ್ನ ಸಹಿ ಇತ್ತು. ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಗಿರಣಿಗೆ ಹೋಗಿ ಆ ಹುಡುಗನನ್ನು ನೋಡಲಿಲ್ಲ.

ತೋಟಾವೂ ಫ್ಯೂಸಿನ ಜಾತಿಯದೇ. ಹಾರಿಸಿ ನೋಡದೆ ಒಳ್ಳೆಯದೆಂದು ಹೇಳಲಾಗದು, ಹಾರಿಸಿದ ಮೇಲೆ ಹೇಳಿ ಪ್ರಯೋಜನವಿಲ್ಲ. ರೇಂಜಿನಿಂದ ಬಂದ ಮೇಲೆ ಈ ತೊಡಕನ್ನು ಹಿಂದಿನವರು ಹೇಗೆ ಬಿಡಿಸಿದರೆಂದು ಹುಡುಕತೊಡಗಿದೆ. ನಿವೃತ್ತನಿಗೆ ಗ್ರಂಥಾಲಯದ ಚೀಟಿಯೊಂದಿದ್ದರೆ ಚಳಿಗಾಲ ಕಳೆಯುವುದು ಕಷ್ಟವಲ್ಲ.

ಕನ್ನಡದಲ್ಲಿ ಔಷಧಿಗೂ ಮದ್ದೇ, ಬಂದೂಕಿನ ಪುಡಿಗೂ ಮದ್ದೇ. ಎರಡರಲ್ಲೂ ಅಳತೆ ತಪ್ಪಿದರೆ ಕೇಡು. ಗಂಧಕ, ಇದ್ದಿಲು, ಪೆಟ್ಲುಪ್ಪು ಬೆರೆಸಿದ ಹಳೆಯ ಕರಿಮದ್ದು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಇದ್ದಿಲು ಯಾವ ಮರದ್ದು, ಉಪ್ಪು ಎಷ್ಟು ಶುದ್ಧ, ಪೀಪಾಯಿಗೆ ಎಷ್ಟು ತೇವ ತಾಗಿದೆ, ಎಲ್ಲವೂ ಸೇರುತ್ತಿತ್ತು. ಅದಕ್ಕೆಂದು ಯೂರೋಪಿನವರು ಎಪ್ರುವೆಟ್ ಎಂಬ ಸಾಧನ ಮಾಡಿಕೊಂಡರು. ನೋಡಲು ಹಿಡಿ ಇರುವ ಚಿಕ್ಕ ಪಿಸ್ತೂಲಿನಂತೆ. ಗುಂಡು ಹಾರುವುದಿಲ್ಲ, ಚಿಟಿಕೆ ಮದ್ದು ಸಿಡಿದು ಒಂದು ಮುಚ್ಚಳವನ್ನು ತಳ್ಳುತ್ತದೆ, ಮುಚ್ಚಳಕ್ಕೆ ಹೊಂದಿದ ಹಲ್ಲಿನ ಚಕ್ರ ಸ್ಪ್ರಿಂಗಿನ ವಿರುದ್ಧ ತಿರುಗಿ ಯಾವುದೋ ಅಂಕೆಯ ಮೇಲೆ ನಿಲ್ಲುತ್ತದೆ. ಫ್ರಾನ್ಸಿನ 14ನೆಯ ಲೂಯಿ ದೊರೆಯ ಕಾಲದಲ್ಲಿ, 1686ರಲ್ಲಿ, ಇದಕ್ಕಿಂತ ದೊಡ್ಡ ಏರ್ಪಾಟು ಬಂತು. ಗಿಡ್ಡ ಬಾಯಿಯ ಒಂದು ಮಾರ್ಟರಿಗೆ ಮೂರು ಔನ್ಸ್ ಮದ್ದು ಹಾಕಬೇಕು, ಅದು ಅರವತ್ತು ಪೌಂಡಿನ ಗೋಳವನ್ನು 50 ತ್ವಾಸ್, ಎಂದರೆ ಸುಮಾರು ನೂರು ಮೀಟರಿನಷ್ಟು ದೂರ ಎಸೆಯಬೇಕು. ಎಸೆಯದಿದ್ದರೆ ಮದ್ದು ತಿರಸ್ಕೃತ. ಅಷ್ಟು ಪೀಪಾಯಿಗಳಿಗೆ ಈ ಮೂರು ಔನ್ಸೇ ಅಗುಳು.

ಇದರಲ್ಲಿ ಒಂದು ಕುಂದಿತ್ತು. ಮುಚ್ಚಳ ಎಷ್ಟು ತಿರುಗಿತು, ಗೋಳ ಎಷ್ಟು ದೂರ ಬಿತ್ತು ಎಂಬುದರಿಂದ ಬಂದೂಕಿನ ಬಾಯಿಂದ ಗುಂಡು ಎಷ್ಟು ವೇಗದಲ್ಲಿ ಹೊರಡುತ್ತದೆ ಎಂಬುದು ತಿಳಿಯುವುದಿಲ್ಲ. ಕಣ್ಣಿಗೆ ಕಾಣದ ಗುಂಡಿನ ವೇಗವನ್ನು ಮೊದಲು ಸರಿಯಾಗಿ ಅಳೆದವನು ಬೆಂಜಮಿನ್ ರಾಬಿನ್ಸ್, ಇಂಗ್ಲೆಂಡಿನ ಬಾತ್ ನಗರದಲ್ಲಿ ಹುಟ್ಟಿದ ಗಣಿತಜ್ಞ. ಅವನ ಉಪಾಯ ಎಷ್ಟು ಸರಳವೆಂದರೆ ನಮ್ಮ ಹಳ್ಳಿಯ ಬಡಗಿಯೂ ಮಾಡಿಕೊಟ್ಟಾನು. ಮೂರು ಕಾಲಿನ ಆಸರೆಯಿಂದ ಭಾರವಾದ ಮರದ ದಿಮ್ಮಿಯನ್ನು ಉಯ್ಯಾಲೆಯಂತೆ ತೂಗುಹಾಕಿದ. ಗುಂಡು ಬಂದು ದಿಮ್ಮಿಯಲ್ಲಿ ಹುದುಗಿದಾಗ ದಿಮ್ಮಿ ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತೆಂದು ಕೆಳಗೆ ಕಟ್ಟಿದ ರಿಬ್ಬನ್ನು ಎಳೆದುಕೊಂಡ ಉದ್ದ ಹೇಳುತ್ತದೆ. ದಿಮ್ಮಿಯ ತೂಕ, ಗುಂಡಿನ ತೂಕ, ರಿಬ್ಬನ್ನಿನ ಉದ್ದ, ಇಷ್ಟು ಗೊತ್ತಿದ್ದರೆ ಗುಂಡಿನ ವೇಗವನ್ನು ಲೆಕ್ಕ ಹಾಕಬಹುದು. ಮಸ್ಕೆಟ್ ಗುಂಡು ಸೆಕೆಂಡಿಗೆ 1,600 ಅಡಿಗಿಂತ ಹೆಚ್ಚು ವೇಗದಲ್ಲಿ ಹೊರಡುತ್ತದೆಂದೂ, ಗಾಳಿ ಅದನ್ನು ಆವರೆಗೆ ಎಲ್ಲರೂ ಭಾವಿಸಿದ್ದಕ್ಕಿಂತ ಬಹಳ ಹೆಚ್ಚಾಗಿ ತಡೆಯುತ್ತದೆಂದೂ ಅವನು ಕಂಡುಕೊಂಡ. ಪುಸ್ತಕ ಹೊರಬಂದದ್ದು 1742ರಲ್ಲಿ. ಮೂರು ವರ್ಷಗಳಲ್ಲಿ ಸ್ವತಃ ಆಯ್ಲರ್ ಅದನ್ನು ಜರ್ಮನ್ನಿಗೆ ಅನುವಾದಿಸಿ, ಮೂಲಕ್ಕಿಂತ ದೊಡ್ಡ ಟಿಪ್ಪಣಿಗಳನ್ನೂ ಬರೆದ.

ರಾಬಿನ್ಸ್ ಕಡೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಕೋಟೆಗಳನ್ನು ಸರಿಪಡಿಸಲು ನಮ್ಮ ಕಡೆಗೇ ಬಂದ. 1751ರ ಜುಲೈಯಲ್ಲಿ, ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ, ಜ್ವರದಿಂದ ಸತ್ತ. ವಯಸ್ಸು ನಲವತ್ತನಾಲ್ಕು. ಪೆನ್ಸಿಲ್ವೇನಿಯಾದ ಗ್ರಂಥಾಲಯದಲ್ಲಿ ಕೂತು ಕಡಲೂರಿನ ಹೆಸರು ಕಂಡಾಗ ಊರಿನವರು ಯಾರೋ ಎದುರಾದಂತಾಯಿತು.

ನಂತರದ ನೂರು ವರ್ಷಗಳ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1860ರ ದಶಕದಲ್ಲಿ ಬೆಲ್ಜಿಯಮ್ಮಿನ ಸೈನ್ಯಾಧಿಕಾರಿ ಲೆ ಬುಲಾಂಜೆ ವಿದ್ಯುತ್ತಿನ ಕಾಲಮಾಪಕ ಮಾಡಿದ. ಗುಂಡು ಮೊದಲ ತಂತಿಯನ್ನು ಕತ್ತರಿಸಿದಾಗ ಒಂದು ಸರಳು ಬೀಳಲು ತೊಡಗುತ್ತದೆ, ಎರಡನೆಯದನ್ನು ಕತ್ತರಿಸಿದಾಗ ಬೀಳುತ್ತಿರುವ ಆ ಸರಳಿನ ಮೇಲೆ ಒಂದು ಚಾಕು ಗೀರು ಹಾಕುತ್ತದೆ. ಗೀರಿನ ಎತ್ತರವೇ ಕಾಲದ ಅಳತೆ. ಅದೇ ದಶಕದಲ್ಲಿ ಇಂಗ್ಲೆಂಡಿನ ಆಂಡ್ರೂ ನೋಬಲ್ ನಳಿಗೆಯೊಳಗಿನ ಒತ್ತಡವನ್ನು ತಾಮ್ರದ ಪುಟ್ಟ ತುಂಡು ಎಷ್ಟು ಚಪ್ಪಟೆಯಾಯಿತೆಂದು ನೋಡಿ ಅಳೆದ. ಹೀಗೆ ಒಂದು ತೋಟಾದ ನಡತೆಯನ್ನು ತಿಳಿಯುವುದು ಸಾಧ್ಯವಾಯಿತು. ಆದರೆ ಹಾರಿಸದೆ ಉಳಿದವು?

ಅದು ಎಷ್ಟು ಕಠಿಣವೆಂಬುದಕ್ಕೆ ನಮ್ಮ ಫಿಲಡೆಲ್ಫಿಯಾದ್ದೇ ಒಂದು ಉದಾಹರಣೆ ಇದೆ. 1816ರಲ್ಲಿ ಶುರುವಾಗಿ 1977ರವರೆಗೆ ಇದ್ದ ಫ್ರಾಂಕ್‌ಫರ್ಡ್ ಆರ್ಸೆನಲ್ ಅಮೆರಿಕದ ಸೇನೆಯ ತೋಟಾ ಕಾರ್ಖಾನೆ. ಓಹಾಯೋದ ಕ್ಯಾಂಪ್ ಪೆರಿಯಲ್ಲಿ ನಡೆಯುವ ರಾಷ್ಟ್ರೀಯ ಸ್ಪರ್ಧೆಗಳಿಗೆ ಅಲ್ಲಿ ವಿಶೇಷ ತೋಟಾ ತಯಾರಾಗುತ್ತಿತ್ತು. 1921ರಲ್ಲಿ, ನಳಿಗೆಗೆ ಲೋಹದ ಕಿಟ್ಟ ಹಿಡಿಯದಿರಲೆಂದು, ರೈಫಲ್ ಗುಂಡುಗಳಿಗೆ ತವರದ ಕಲಾಯಿ ಹಾಕಿದರು. ಗುರಿಯ ನಿಖರತೆ ಸೊಗಸಾಗಿತ್ತು. ಆದರೆ ಪೆಟ್ಟಿಗೆಯಲ್ಲಿ ಇದ್ದಲ್ಲೇ ತವರವು ಹಿತ್ತಾಳೆಯ ಕತ್ತಿಗೆ ಬೆಸುಗೆಯಂತೆ ಅಂಟಿಕೊಳ್ಳುತ್ತಿತ್ತು. ಅದರ ಮೇಲೆ, ಗುರಿಕಾರರಿಗೆ ಗುಂಡಿನ ಮೂತಿಯನ್ನು ಗ್ರೀಸಿನಲ್ಲಿ ಅದ್ದುವ ಹಳೆಯ ಚಾಳಿ. ಕತ್ತು ಹಿಗ್ಗಿ ಗುಂಡನ್ನು ಬಿಡಲು ಜಾಗವನ್ನೇ ಗ್ರೀಸು ತುಂಬಿಕೊಂಡಿತು. ಒತ್ತಡ ಮಿತಿಮೀರಿ ರೈಫಲ್‌ಗಳು ಒಡೆದವು. ಗ್ರೀಸು ಹಚ್ಚಬೇಡಿ ಎಂದು ಎಚ್ಚರಿಸಿದರೂ ಚಾಳಿ ಬಿಟ್ಟೀತೇ? ಕಾರ್ಖಾನೆಯ ಪರೀಕ್ಷಕರು ತಮ್ಮ ಅಗುಳನ್ನು ಚೆನ್ನಾಗಿಯೇ ಹಿಸುಕಿ ನೋಡಿದ್ದರು. ಉಣ್ಣುವವನು ತಟ್ಟೆಯಲ್ಲಿ ಏನು ಕಲಸಿಕೊಳ್ಳುತ್ತಾನೆಂದು ಅವರು ಕೇಳಿರಲಿಲ್ಲ.

ಯಜಮಾನರ ಗಾದೆಯಲ್ಲಿ ತಪ್ಪು ಎಲ್ಲಿದೆಯೆಂದು ನನಗೆ ತಿಳಿದದ್ದು ಪೀಣ್ಯ ಬಿಟ್ಟ ಮೇಲೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಘಟಕದ ಒಂದು ಸಂಜೆ ತರಗತಿಯಲ್ಲಿ. ಅಲ್ಲಿ ಮೊದಲ ವಾರವೇ ವಾಲ್ಟರ್ ಶ್ಯೂಹಾರ್ಟ್ ಎಂಬ ಹೆಸರು ಕೇಳಿದೆ. ಬೆಲ್ ಟೆಲಿಫೋನ್ ಪ್ರಯೋಗಾಲಯದ ಈ ಭೌತವಿಜ್ಞಾನಿ 1924ರ ಮೇ ತಿಂಗಳಲ್ಲಿ ಒಂದು ಪುಟದ ಟಿಪ್ಪಣಿಯಲ್ಲಿ ಗುಣನಿಯಂತ್ರಣದ ನಕ್ಷೆಯನ್ನು ಬರೆದುಕೊಟ್ಟಿದ್ದ. ಅವನ ಮಾತನ್ನು ನಮ್ಮ ಅಡುಗೆಮನೆಯ ಭಾಷೆಗೆ ತಂದರೆ ಹೀಗೆ: ಒಂದು ಅಗುಳು ಸಾಕಾಗುವುದು ಇಡೀ ಪಾತ್ರೆ ಒಂದೇ ಒಲೆಯ ಮೇಲೆ, ಒಂದೇ ನೀರಿನಲ್ಲಿ, ಒಟ್ಟಿಗೆ ಬೆಂದಿರುವುದರಿಂದ. ತೋಟಾಗಳು ಹಾಗಲ್ಲ. ಒಂದೊಂದೂ ಬೇರೆ ಬೇರೆ ಬೇಯುತ್ತದೆ. ಆದ್ದರಿಂದ ಅನ್ನವನ್ನು ನೋಡುವ ಮೊದಲು ಒಲೆಯನ್ನು ನೋಡು. ಉರಿ ಒಂದೇ ಸಮ ಇದೆಯೆಂದು ದಿನದಿನದ ಅಳತೆಗಳಿಂದ ಗೊತ್ತಾದರೆ ಮಾತ್ರ ಕೆಲವು ಅಗುಳುಗಳ ಸಾಕ್ಷಿಗೆ ಬೆಲೆ. ಅವನ ಸಹೋದ್ಯೋಗಿ ಹೆರಾಲ್ಡ್ ಡಾಡ್ಜ್, ಎಷ್ಟರಲ್ಲಿ ಎಷ್ಟು ನೋಡಬೇಕು, ಎಷ್ಟು ಕೆಟ್ಟರೆ ಲಾಟನ್ನು ವಾಪಸು ಕಳಿಸಬೇಕು ಎಂಬ ಕೋಷ್ಟಕಗಳನ್ನು ಮಾಡಿದ. ನ್ಯೂಜೆರ್ಸಿಯ ಪಿಕಟಿನ್ನಿ ಆರ್ಸೆನಲ್ಲಿನ ಅಧಿಕಾರಿ ಲೆಸ್ಲಿ ಸೈಮನ್ 1930ರ ದಶಕದಲ್ಲಿ ಈ ವಿಧಾನಗಳನ್ನು ಮದ್ದುಗುಂಡಿಗೆ ಹಚ್ಚಿದ. ಟೆಲಿಫೋನಿನ ಬಿಡಿಭಾಗ ಕೆಟ್ಟರೆ ಮಾತು ಕೇಳಿಸದು, ಅಷ್ಟೆ. ಇಲ್ಲಿ ಹಾಗಲ್ಲವೆಂದು ಅವನಿಗೆ ಗೊತ್ತಿತ್ತು.

ಇನ್ನೊಂದು ಹೆಸರು ಏಬ್ರಹಾಂ ವಾಲ್ಡ್. ಇಂದಿನ ರುಮೇನಿಯಾದ ಕ್ಲೂಜಿನಲ್ಲಿ, ಆಗಿನ ಆಸ್ಟ್ರಿಯಾ-ಹಂಗೆರಿಯಲ್ಲಿ, ಯಹೂದಿ ಮನೆಯಲ್ಲಿ ಹುಟ್ಟಿದವನು. ನಾಜಿಗಳು ವಿಯೆನ್ನಾಕ್ಕೆ ಬಂದ 1938ರಲ್ಲಿ ಅಮೆರಿಕಕ್ಕೆ ತಪ್ಪಿಸಿಕೊಂಡು ಬಂದ. ಹಿಂದೆ ಉಳಿದ ಅವನ ಕುಟುಂಬದ ಹೆಚ್ಚಿನವರು ಉಳಿಯಲಿಲ್ಲ. ಯುದ್ಧಕಾಲದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ತಂಡದಲ್ಲಿದ್ದ. 1943ರಲ್ಲಿ ನೌಕಾಪಡೆಯ ಕ್ಯಾಪ್ಟನ್ ಸ್ಕೈಲರ್ ಒಂದು ದೂರು ತಂದ. ಎರಡು ಬಗೆಯ ಮದ್ದುಗುಂಡುಗಳಲ್ಲಿ ಯಾವುದು ಮೇಲೆಂದು ತಿಳಿಯಲು ನೀವು ಸಾವಿರಗಟ್ಟಲೆ ಹಾರಿಸಿ ಅನ್ನುತ್ತೀರಿ. ಅನುಭವಿ ಅಧಿಕಾರಿಯೊಬ್ಬ ಎದುರಿಗೆ ನಿಂತಿದ್ದರೆ ಮೊದಲ ಕೆಲವು ನೂರರಲ್ಲೇ ಇನ್ನು ಸಾಕು ಎನ್ನುತ್ತಾನೆ. ನಿಮ್ಮ ಗಣಿತಕ್ಕೆ ಅಷ್ಟು ಬುದ್ಧಿ ಇಲ್ಲವೇ? ತಂಡದ ಆಲನ್ ವಾಲಿಸ್ ಮತ್ತು ಮಿಲ್ಟನ್ ಫ್ರೀಡ್‌ಮನ್ (ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದವನೇ) ಊಟದ ಹೊತ್ತಿನಲ್ಲೆಲ್ಲ ಇದನ್ನೇ ಚರ್ಚಿಸಿ ಕೊನೆಗೆ ವಾಲ್ಡನ ಮುಂದಿಟ್ಟರು. ಅವನು ಮೊದಲು ಉತ್ಸಾಹ ತೋರಲಿಲ್ಲ. ಆಮೇಲೆ ತಾನೇ ಫೋನ್ ಮಾಡಿ, ಇದರಲ್ಲಿ ಹುರುಳಿದೆ ಎಂದ. ಹೀಗೆ ಹುಟ್ಟಿದ್ದು ಪ್ರತಿ ಗುಂಡಿನ ನಂತರವೂ ಲೆಕ್ಕ ಹಾಕಿ, ಒಪ್ಪು, ತಿರಸ್ಕರಿಸು, ಇಲ್ಲವೇ ಇನ್ನೊಂದು ಹಾರಿಸು ಎನ್ನುವ ಅನುಕ್ರಮ ವಿಶ್ಲೇಷಣೆ. ಕಡಿಮೆ ಸುಟ್ಟು ಹೆಚ್ಚು ತಿಳಿಯುವ ಈ ದಾರಿ ಎಷ್ಟು ಉಪಯುಕ್ತವಾಗಿತ್ತೆಂದರೆ ಯುದ್ಧ ಮುಗಿಯುವವರೆಗೆ ಅದನ್ನು ಗುಟ್ಟಾಗಿ ಇಟ್ಟಿದ್ದರು.

ಶ್ಯೂಹಾರ್ಟ್ 1947-48ರಲ್ಲಿ ಮಹಾಲನೋಬಿಸರ ಆಹ್ವಾನದ ಮೇಲೆ ಭಾರತಕ್ಕೆ ಬಂದು ಕೈಗಾರಿಕೆಗಳವರಿಗೆ ತನ್ನ ನಕ್ಷೆಗಳನ್ನು ಪರಿಚಯಿಸಿ ಹೋದ. ನಾನು ಕೂತ ಆ ಸಂಜೆ ತರಗತಿಯ ಬೇರು ಅಲ್ಲಿದೆ. 1950ರಲ್ಲಿ ವಾಲ್ಡ್ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸಗಳಿಗೆಂದು ಹೆಂಡತಿಯೊಡನೆ ಬಂದ. ಆ ಡಿಸೆಂಬರಿನಲ್ಲಿ ಅವರಿಬ್ಬರೂ ಇದ್ದ ಏರ್ ಇಂಡಿಯಾ ವಿಮಾನ ನೀಲಗಿರಿಯ ಬೆಟ್ಟಕ್ಕೆ ಬಡಿದು ಎಲ್ಲರೂ ಸತ್ತರು. ವಾಲ್ಡನಿಗೆ ನಲವತ್ತೆಂಟು. ಕಡಲೂರಿನಲ್ಲಿ ರಾಬಿನ್ಸ್, ನೀಲಗಿರಿಯಲ್ಲಿ ವಾಲ್ಡ್. ಒಬ್ಬ ಹಾರಿದ ಗುಂಡನ್ನು ಅಳೆದವನು, ಇನ್ನೊಬ್ಬ ಹಾರಿಸದೆ ಉಳಿದವನ್ನು ಅಳೆದವನು. ಊಟಿಗೆ ಎಷ್ಟೋ ಸಲ ಹೋಗಿದ್ದೇನೆ. ದೊಡ್ಡಬೆಟ್ಟದಲ್ಲಿ ಜೋಳದ ತೆನೆ ತಿಂದು ಫೋಟೋ ತೆಗೆಸಿಕೊಂಡು ಬಂದಿದ್ದೇನೆ. ಈ ವಿಷಯ ಆಗ ಗೊತ್ತಿರಲಿಲ್ಲ.

ಈ ಓದಿನ ನಂತರ ಸುಮ್ಮನಿರಲಾಗದೆ ಒಂದು ಕ್ರೋನೋಗ್ರಾಫ್ ಕೊಂಡೆ. ಗುಂಡು ಎರಡು ಬೆಳಕಿನ ಕಣ್ಣುಗಳ ಮೇಲೆ ಹಾದುಹೋದರೆ ವೇಗ ತೋರಿಸುವ ಯಂತ್ರ. ರಾಬಿನ್ಸನ ದಿಮ್ಮಿ ಈಗ ಊಟದ ಡಬ್ಬಿಯಷ್ಟಾಗಿದೆ. ಹಾರಿಸುವವನು ಮುದುಕ, ಬರೆದುಕೊಳ್ಳುವವನು ನಾನು. ತೋಟಾ 9 ಮಿಲಿಮೀಟರಿನದು, ಜರ್ಮನಿಯಲ್ಲಿ ಗಿಯೋರ್ಗ್ ಲೂಗರ್ 1902ರಲ್ಲಿ ರೂಪಿಸಿದ್ದು, ಇಂದು ಅಭ್ಯಾಸಕ್ಕೆ ಹೆಚ್ಚು ಸುಡುವುದು ಅದನ್ನೇ. ಗುಂಡಿನ ತೂಕ 115 ಗ್ರೇನ್, ಏಳೂವರೆ ಗ್ರಾಂ. ಗ್ರೇನ್ ಎಂದರೆ ಧಾನ್ಯದ ಕಾಳೇ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹಾಗೆ. ಒಳಗಿನ ಮದ್ದು ಐದು ಗ್ರೇನಿನ ಆಸುಪಾಸು, ಮೂರು ಗುಲಗಂಜಿಗೂ ಕಡಿಮೆ. ಇಷ್ಟು ಅಲ್ಪ ಪುಡಿಯನ್ನು ಯಂತ್ರ ಎಡೆಬಿಡದೆ ಒಂದೇ ಸಮ ಸುರಿಯಬೇಕು.

ಒಂದು ಪೆಟ್ಟಿಗೆಯ ಹತ್ತು ಗುಂಡುಗಳ ಸರಾಸರಿ ವೇಗ ಸೆಕೆಂಡಿಗೆ 1,140 ಅಡಿ. ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಅಂತರ 23 ಅಡಿ. ಇನ್ನೊಂದು ಕಂಪನಿಯದಕ್ಕೆ ಸರಾಸರಿ ಹೆಚ್ಚುಕಡಿಮೆ ಅಷ್ಟೇ, ಅಂತರ ಮಾತ್ರ 98. ಸರಾಸರಿ ನೋಡಿದವನು ಎರಡೂ ಒಂದೇ ಎನ್ನುತ್ತಾನೆ. ಹಾಗೆಂದು ಎರಡನೆಯದು ಗುರಿ ತಪ್ಪಿಸುತ್ತದೆಯೇ? ಇಲ್ಲ. ಲೆಕ್ಕ ಹಾಕಿ ನೋಡಿದೆ: 25 ಗಜ ದೂರದಲ್ಲಿ ನೂರು ಅಡಿಯ ವೇಗವ್ಯತ್ಯಾಸದಿಂದ ಗುಂಡು ಮೇಲೆ ಕೆಳಗೆ ಆಗುವುದು ನಾಲ್ಕೈದು ಮಿಲಿಮೀಟರ್. ಮುದುಕನ ಕೈನಡುಕ ಅದರ ಹತ್ತುಪಾಲು. ರೇಂಜಿನಲ್ಲಿ ಹತ್ತು ಗುಂಡು ಹಾರಿಸಿ ಅಂತರ ಎಷ್ಟೆಂದು ಜಂಬದಿಂದ ಹೇಳಿಕೊಳ್ಳುವವರಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ. ಅಭ್ಯಾಸದ ತೋಟಾಗೆ ವೇಗದ ಅಂತರ ಮುಖ್ಯವಾಗುವುದು ಗುರಿಗಾಗಿ ಅಲ್ಲ, ಮದ್ದು ಸುರಿಯುವ ಯಂತ್ರದ ಉರಿ ಸಮನಾಗಿದೆಯೇ ಎಂದು ಇಣುಕುವ ಕಿಟಕಿಯಾಗಿ. 98 ಅಡಿ ಅಲ್ಲಾಡುವ ಕಡೆ ಒಂದು ದಿನ ಮದ್ದೇ ಬೀಳದಿರುವುದೂ ಸಾಧ್ಯವೆಂದು ನನ್ನ ಅನುಮಾನ. ಅನುಮಾನವೇ ಹೊರತು ಸಾಕ್ಷಿಯಲ್ಲ.

ಸಾಕ್ಷಿ ದುಬಾರಿ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮವೊಂದಿದೆ. 300 ತೋಟಾ ಹಾರಿಸಿ ಒಂದೂ ಕೆಡದಿದ್ದರೆ, ನೂರಕ್ಕೆ ಒಂದಕ್ಕಿಂತ ಹೆಚ್ಚು ಕೆಟ್ಟವು ಇರಲಾರವೆಂದು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳಬಹುದು, ಅಷ್ಟೆ. ಹತ್ತು ಸಾವಿರಕ್ಕೆ ಒಂದಕ್ಕಿಂತ ಹೆಚ್ಚಿಲ್ಲ ಎನ್ನಬೇಕಾದರೆ ಮೂವತ್ತು ಸಾವಿರ ಸುಡಬೇಕು. ಪೀಣ್ಯದಲ್ಲಿ ನಾನು ಐದು ಫ್ಯೂಸು ಸುಟ್ಟಿದ್ದೆ. ಲಾಟಿನಲ್ಲಿ ಹತ್ತಕ್ಕೊಂದು ಕೆಟ್ಟಿದ್ದರೂ ಐದೂ ಸರಿಯಾಗಿ ಬರುವ ಸಂಭವ ನೂರಕ್ಕೆ ಐವತ್ತೊಂಬತ್ತು. ಈ ಗುಣಾಕಾರ ಹೈಸ್ಕೂಲಿನದು. ಆಗ ಮಾಡಿರಲಿಲ್ಲ.

ಮುದುಕ ಆ ಪೆಟ್ಟಿಗೆಯ ಕಂಪನಿಗೆ ಕಾಗದ ಬರೆದ. ಲಾಟ್ ಸಂಖ್ಯೆ ಕೇಳಿದರು, ಕೊಟ್ಟ. ಎರಡು ವಾರಕ್ಕೆ ಕ್ಷಮೆಯ ಎರಡು ಸಾಲಿನ ಜೊತೆ ಎರಡು ಹೊಸ ಪೆಟ್ಟಿಗೆ ಬಂದವು. ಏನು ತಪ್ಪಾಗಿತ್ತೆಂದು ಹೇಳಲಿಲ್ಲ, ಉಳಿದ ಲಾಟನ್ನು ಹಿಂದೆ ತರಿಸಿದರೋ ಎಂಬುದನ್ನೂ ಹೇಳಲಿಲ್ಲ. ಅವನಿಗೆ ಸಂತೋಷವಾಯಿತು. ನನಗೆ ಆಗಲಿಲ್ಲ; ಅವರ ಕಡೆಯೂ ಯಾರೋ ಒಬ್ಬ ಚೀಟಿಗೆ ಸಹಿ ಹಾಕಿದವನು ಇದ್ದಿರಬೇಕು.

ಈಗ ಅವನ ಮೊಣಕಾಲು ವಾಸಿಯಾಗಿದೆ. ಆದರೂ ಶನಿವಾರ ನಾನೇ ಕಾರು ಓಡಿಸುತ್ತೇನೆ. ಪ್ರತಿ ಗುಂಡಿನ ನಂತರ ಅವನು ಪಿಸ್ತೂಲನ್ನು ಕೆಳಗಿಳಿಸಿ ನನ್ನತ್ತ ನೋಡುತ್ತಾನೆ, ನಾನು ಅಂಕೆ ಬರೆದುಕೊಂಡು ತಲೆಯಾಡಿಸುತ್ತೇನೆ. ಕಳೆದ ವಾರ 612ನೆಯದು 1,061 ಅಡಿ ತೋರಿಸಿತು. ಅವನು ಆ ಪೆಟ್ಟಿಗೆಯನ್ನು ಮುಚ್ಚಿ ಪಕ್ಕಕ್ಕಿಟ್ಟು ಬೇರೆಯದನ್ನು ತೆರೆದ. ನಾನು ಲಾಟ್ ಸಂಖ್ಯೆಯನ್ನು ಬರೆದುಕೊಂಡೆ.